ಇಬ್ಬರು ಹೊರುವ ಪುಸ್ತಕ

ಕಾಲೇಜಿನ ಗೇಟಿನಿಂದ ಮೊದಲ ಮಹಡಿಗೆ ಇತಿಹಾಸದ ಪುಸ್ತಕವಾದರೆ ಹದಿನೈದು ರೂಪಾಯಿ. ಎರಡನೇ ಮಹಡಿಗೆ ಇಪ್ಪತ್ತೈದು. ಗಣಿತವಾದರೆ ಅದರ ಮೇಲೆ ಹತ್ತು. ಕಾನೂನಿನ ಪುಸ್ತಕಕ್ಕೆ ಇಬ್ಬರು ಬೇಕು, ತಲೆಗೆ ನಲವತ್ತರಂತೆ ಎಂಬತ್ತು. ರಸಾಯನಶಾಸ್ತ್ರ ಮೂರನೇ ಮಹಡಿಗೆ ಇಬ್ಬರಿಗೂ ಸೇರಿ ನೂರಿಪ್ಪತ್ತು, ಅದೂ ನಡುವೆ ಎರಡು ಕಡೆ ಇಳಿಸಿ ಉಸಿರು ತೆಗೆದುಕೊಳ್ಳಲು ಬಿಟ್ಟರೆ. ಬಿಡದಿದ್ದರೆ ನೂರೈವತ್ತು. ಗೇಟಿನ ಬಳಿ ಸಿಂಬೆ ಇಟ್ಟುಕೊಂಡು ಕೂರುತ್ತಿದ್ದ ನಾವು ಹದಿನಾಲ್ಕು ಹೆಂಗಸರು ಮಾಡಿಕೊಂಡಿದ್ದ ದರ ಇದು. ಎಲ್ಲೂ ಬರೆದು ಹಾಕಿರಲಿಲ್ಲ. ನಮ್ಮಲ್ಲಿ ಯಾರಿಗೂ ಬರೆಯಲು ಬರುತ್ತಿರಲಿಲ್ಲ.

ನನ್ನ ಹೆಸರು ಚಿಕ್ಕತಾಯಮ್ಮ. ಕಾಲೇಜಿನ ಮಕ್ಕಳು ತಾಯಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ನಾನು ಹೊತ್ತದ್ದು ಪುಸ್ತಕ ಮಾತ್ರ. ಅಕ್ಕಿ ಮೂಟೆ, ಸೌದೆ ಹೊರುವವರು ನಮ್ಮನ್ನು ಕಂಡರೆ ದಾರಿ ಬಿಡುತ್ತಿದ್ದರು. ವಿದ್ಯೆ ಹೊರುವವರು ಅಂತ ನಮಗೊಂದು ಮರ್ಯಾದೆ ಇತ್ತು.

ನಮ್ಮೂರಲ್ಲಿ ತಕ್ಕಡಿ ಇಲ್ಲ. ಕಾಳುಕಡ್ಡಿಗೆ ಸೇರು, ಪಾವು ಇವೆ. ಬೆಲೆ ಸರಿಯೋ ತಪ್ಪೋ ಅನ್ನುವುದಕ್ಕೆ ಅಂಗೈ ಇದೆ. ಬದನೆಕಾಯಿ ಕೊಳ್ಳುವವಳು ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಲೆ ಕೇಳುತ್ತಾಳೆ. ಮಾರುವವಳು ಜಾಸ್ತಿ ಹೇಳಿದಳೋ, ಕೈ ಕೆಳಕ್ಕೆ ಜಗ್ಗುತ್ತದೆ. "ಕೈ ಇಳೀತು ಕಣಮ್ಮ" ಅಂದರೆ ಅವಳು ಒಂದು ರೂಪಾಯಿ ಕಡಿಮೆ ಮಾಡುತ್ತಾಳೆ, ಕೈ ಅಷ್ಟು ಮೇಲೆ ಬರುತ್ತದೆ. ಜಗಳಗಂಟಿ ಗಿರಾಕಿಯಾದರೆ "ಬಿಡಿಸಿ ಹೇಳು" ಅನ್ನುತ್ತಾಳೆ. ಆಗ ಮಾರುವವಳು ತೋಟದವನಿಗೆ ಇಷ್ಟು, ಗಾಡಿಗೆ ಇಷ್ಟು, ನನ್ನ ಹೊಟ್ಟೆಗೆ ಇಷ್ಟು ಅಂತ ಒಂದೊಂದಾಗಿ ಹೇಳಬೇಕು. ಹೇಳಲು ಬಾಯಿ ತೆಗೆದ ಕೂಡಲೇ ಬದನೆಕಾಯಿ ತನ್ನ ಹುಟ್ಟಿನ ತೂಕಕ್ಕೆ ಇಳಿಯುತ್ತದೆ. ಆಮೇಲೆ ಯಾವ ಬಾಬ್ತು ದಂಡವೋ ಆ ಬಾಬ್ತು ಹೇಳಿದಾಗ ಮಾತ್ರ ಕೈ ಜಗ್ಗುತ್ತದೆ. ಇದರಲ್ಲಿ ಯಾರಿಗೂ ಸಿಟ್ಟಿಲ್ಲ, ಅವಮಾನವೂ ಇಲ್ಲ. ಮದುವೆ ಸೀರೆಯನ್ನು ಮಾತ್ರ ಅಂಗೈ ಮೇಲೆ ಇಡುವುದಿಲ್ಲ. ಮದುಮಗಳು ಬಗ್ಗಿ ನಡೆದರೆ ನಾಚಿಕೆ ಅಂದುಕೊಳ್ಳುತ್ತೇವೆ.

ಪುಸ್ತಕವನ್ನೂ ಇಡುವುದಿಲ್ಲ. ವಿದ್ಯೆಗೆ ಚೌಕಾಸಿ ಮಾಡಿದರೆ ಅದು ತಲೆಗೆ ಹತ್ತುವುದಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದರು. ಬೆಲೆ ರಟ್ಟಿನ ಹಿಂದೆ ಅಚ್ಚಾಗಿರುತ್ತದೆ, ಕಣ್ಣಿಗೊತ್ತಿಕೊಂಡು ಕೊಡಬೇಕು. ಮತ್ತೆ ಪುಸ್ತಕ ಯಾಕೆ ಅಷ್ಟು ಭಾರ ಅಂದರೆ, ವಿದ್ಯೆ ಭಾರ. ರದ್ದಿ ಅಂಗಡಿಯ ಹಳೇ ಪುಸ್ತಕ ಯಾಕೆ ಹಪ್ಪಳದಷ್ಟು ಹಗುರ ಅಂದರೆ, ಮೊದಲು ಓದಿದವನು ಅದರೊಳಗಿನ ವಿದ್ಯೆಯನ್ನೆಲ್ಲ ಹೀರಿಕೊಂಡುಬಿಟ್ಟಿದ್ದಾನೆ. ಹಾಗಾಗಿ ಹಳೇ ಪುಸ್ತಕವನ್ನು ಯಾರೂ ಓದಲು ಕೊಳ್ಳುತ್ತಿರಲಿಲ್ಲ. ಬೋಂಡಾ ಕಟ್ಟಲು ಕೊಳ್ಳುತ್ತಿದ್ದರು. ಇದನ್ನು ನಾನು ನಂಬಿದ್ದೆ. ಓದಿದವರೇ ನಂಬಿದ್ದ ಮೇಲೆ ನನ್ನದೇನು?

ಪರೀಕ್ಷೆಗೆ ಮುಂಚೆ ಪ್ರತಿ ವಿಷಯಕ್ಕೂ ಒಂದು ಒಪ್ಪಿಸುವ ದಿನ ಇರುತ್ತಿತ್ತು. ಅವತ್ತು ಸಂಜೆ ಐದರೊಳಗೆ ವಿದ್ಯಾರ್ಥಿ ಆ ವರ್ಷದ ಪುಸ್ತಕವನ್ನು ಮೂರನೇ ಮಹಡಿಗೆ ತಂದು ಮೇಷ್ಟ್ರ ಮುಂದಿನ ಮೇಜಿನ ಮೇಲೆ ಇಡಬೇಕು. ಮೇಜು ಮುಲುಗಿದರೆ ಸಹಿ. ಮುಲುಗದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ, ವರ್ಷ ಹೋಯಿತು.

ಆ ಸಲ ರಸಾಯನಶಾಸ್ತ್ರ ಒಪ್ಪಿಸುವ ದಿನ ಮೂರು ಗಂಟೆ ದಾಟಿತ್ತು. ಎದುರಿನ ಶ್ರೀಕಂಠಯ್ಯನವರ ಪುಸ್ತಕದಂಗಡಿಯಿಂದ ಒಬ್ಬಳು ಹುಡುಗಿ ಗೋಣಿತಾಟಿನ ಮೇಲೆ ಪುಸ್ತಕ ಇಟ್ಟುಕೊಂಡು ರಸ್ತೆಗಡ್ಡವಾಗಿ ಎಳೆದುಕೊಂಡು ಬರುತ್ತಿದ್ದಳು. ನಾಲ್ಕು ಹೆಜ್ಜೆ ಎಳೆಯುವುದು, ನಿಲ್ಲುವುದು. ಎಳೆಯುವುದು, ನಿಲ್ಲುವುದು. ಪುರಿಗಾಡಿ ಸಣ್ಣಮ್ಮನ ಮಗಳು ಇಂದ್ರಾಣಿ ಅಂತ ಹತ್ತಿರ ಬಂದ ಮೇಲೆ ಗೊತ್ತಾಯಿತು. ಗೇಟಿಗೆ ಬರುವಷ್ಟರಲ್ಲಿ ಅವಳ ಬಲಭುಜ ಒಂದು ಬೆರಳಿನಷ್ಟು ಕೆಳಗೆ ಜಾರಿತ್ತು.

"ಗಾಡಿ ಎಲ್ಲೇ? ನಿಮ್ಮಮ್ಮನ ಗಾಡೀಲಿ ಹಾಕ್ಕೊಂಡು ಬರೋದಲ್ವಾ?" ಅಂದೆ.

"ಗಾಡಿ ಮಾರಿಯೇ ತಗೊಂಡಿದ್ದು ತಾಯಕ್ಕ. ಸಾವಿರದ ಎಂಟುನೂರ ಐವತ್ತು. ಇನ್ನು ಹೊರೋದಕ್ಕೆ ಕೊಡೋಕೆ ಏನೂ ಇಲ್ಲ. ಹೇಗೆ ಎತ್ತಬೇಕು ಅಂತ ಹೇಳಿಕೊಟ್ಟರೆ ನಾನೇ ಹೊರ್ತೀನಿ."

ನನ್ನ ಜೋಡಿ ಹೊನ್ನಮ್ಮ ಎಲೆಅಡಿಕೆ ಉಗಿದು ನಕ್ಕಳು. "ಹೇಳಿಕೊಡೋದಂತೆ! ಹೆಣ ಹೊರೋದಕ್ಕೆ ನಾಲ್ಕು ಜನ ಬೇಕು ಕಣವ್ವ, ಇದಕ್ಕೆ ಇಬ್ಬರಾದರೂ ಬೇಡವೇ? ನೀನು ಒಂದು ಮೆಟ್ಟಿಲು ಹತ್ತಿದರೆ ನಾನು ಮೂಗು ಕುಯ್ಕೊತೀನಿ."

"ಬಾಯಿ ಮುಚ್ಚು, ಸಿಂಬೆ ತಗೋ," ಅಂದೆ. "ಇದೊಂದು ಧರ್ಮಕ್ಕೆ."

"ನಿನ್ನ ಧರ್ಮಕ್ಕೆ ನನ್ನ ಕುತ್ತಿಗೆ," ಅಂತ ಗೊಣಗುತ್ತಲೇ ಎದ್ದಳು. ಹೊನ್ನಮ್ಮನ ಬಾಯಿ ಹಾಗೆ, ಕೈ ಹಾಗಲ್ಲ. ಹತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಹೊರೆಯ ಎರಡು ತುದಿ.

ಮೊದಲ ಮಹಡಿ ಹೇಗೋ ದಾಟಿದೆವು. ಎರಡನೇ ಮಹಡಿಯ ಮರದ ಹಲಗೆಯ ಮೇಲೆ ಇಳಿಸಿ ಕೂತೆವು. ಇಂದ್ರಾಣಿ ಆ ಕಡೆ ಈ ಕಡೆ ನೋಡಿ ಚೀಲದಿಂದ ಒಂದು ಹಳೇ ಪುಸ್ತಕ ತೆಗೆದಳು. ರಟ್ಟು ಹೋಗಿತ್ತು, ಎಣ್ಣೆಯ ಕಲೆ ಇತ್ತು.

"ನೀವು ನಗಬಾರದು ಅಕ್ಕ. ರದ್ದಿ ಅಂಗಡೀದು, ಇಪ್ಪತ್ತು ರೂಪಾಯಿ. ಗಾಡಿ ಮಾರೋವರೆಗೂ ಹೊಸದು ತಗೊಳ್ಳೋಕೆ ಆಗಿರಲಿಲ್ಲ. ವರ್ಷವೆಲ್ಲ ಇದನ್ನೇ ಓದಿದೀನಿ. ಹೊಸದರಲ್ಲಿ ಏನಿದೆ ಅಂತ ಒಂದು ಸಲ ನೋಡಿಬಿಡಲಾ?"

"ಜಗಿದು ಉಗಿದ ಕಬ್ಬಿನ ಸಿಪ್ಪೇನ ವರ್ಷವೆಲ್ಲ ಜಗಿದಿದ್ದೀಯಲ್ಲೇ!" ಅಂದಳು ಹೊನ್ನಮ್ಮ.

ಹೊಸ ಪುಸ್ತಕದ ಹಾಳೆ ತಿರುಗಿಸಲು ಹುಡುಗಿಗೆ ಎರಡೂ ಕೈ ಬೇಕಾಯಿತು. ಒಂದು ಪುಟ ಓದಿದಳು. ಇನ್ನೊಂದು ಓದಿದಳು. "ಅಕ್ಕ, ನೀವು ಎಲ್ಲಾದರೂ ಬೆರಳಿಡಿ," ಅಂದಳು. ಕಂಡ ಕಡೆ ಇಟ್ಟೆ. ಅವಳು ಎರಡು ಪದ ನೋಡಿ ಕಣ್ಣು ಮುಚ್ಚಿ ಗಡಗಡ ಅಂತ ಹೇಳತೊಡಗಿದಳು, ಪುಟ ಮುಗಿಯುವವರೆಗೂ. ಆಮೇಲೆ ಹಳೆಯದರಲ್ಲಿ ಅದೇ ಜಾಗ ತೆಗೆದು ಪಕ್ಕದಲ್ಲಿ ಹಿಡಿದಳು. ನನಗೆ ಓದಲು ಬರುವುದಿಲ್ಲ. ಆದರೆ ಎರಡು ಬಾಗಿಲಿನ ಮುಂದೆ ಒಂದೇ ರಂಗೋಲಿ ಹಾಕಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಸಾಲಿಗೆ ಸಾಲು ಅದೇ. ಚುಕ್ಕಿಗೆ ಚುಕ್ಕಿ ಅದೇ.

"ಹಂಗಾದ್ರೆ ಯಾರೂ ಹೀರ್ಕೊಂಡಿಲ್ವಾ?" ಹೊನ್ನಮ್ಮನ ದನಿ ಸಣ್ಣಗಾಗಿತ್ತು.

"ಏನೂ ಬದಲಾಗಿಲ್ವೇನೇ?" ಅಂದೆ ನಾನು.

"ಪಾಠದ ಕೊನೆಯ ಪ್ರಶ್ನೆಗಳು. ಅವೂ ಅವೇ ಅಕ್ಕ. ಐದನೆಯದನ್ನ ಒಂದನೆಯದು ಮಾಡಿದ್ದಾರೆ. ಮತ್ತೆ ರಟ್ಟಿನ ಬಣ್ಣ."

ಅದೇ ವಿದ್ಯೆ ಹಪ್ಪಳದ ಹಾಗೆ ಅವಳ ಒಂದು ಕೈಯಲ್ಲಿತ್ತು. ಅದೇ ವಿದ್ಯೆಯನ್ನು ನಾವಿಬ್ಬರು ಸೊಂಟ ಮುರಿದುಕೊಂಡು ಹೊತ್ತು ತಂದಿದ್ದೆವು. ಹಾಗಾದರೆ ಇಪ್ಪತ್ತೆರಡು ವರ್ಷ ನನ್ನ ತಲೆಯ ಮೇಲೆ ಇದ್ದದ್ದು ಏನು?

ಕೇಳಲು ಪುರುಸೊತ್ತು ಸಿಗಲಿಲ್ಲ. "ಏಳು, ಹೊತ್ತಾಯ್ತು" ಅಂತ ಹೊನ್ನಮ್ಮ ಒಂದು ತುದಿ ಎತ್ತಿದಳು. ಭಾರವೆಲ್ಲ ಇನ್ನೊಂದು ಮೂಲೆಗೆ ಬಿತ್ತು. ಹಲಗೆ ಲಟಕ್ಕನೆ ಮುರಿಯಿತು. ನಾವು ಗೋಡೆಗೆ ಆತುಕೊಂಡೆವು. ಪುಸ್ತಕ ನಮ್ಮ ಕಣ್ಣೆದುರೇ ಮೊದಲ ಮಹಡಿಯ ಹಲಗೆಯನ್ನೂ ತೂರಿಕೊಂಡು ಕೆಳಗಿನ ಜಗಲಿಗೆ ಬಿತ್ತು. ಇಡೀ ಕಟ್ಟಡ ನಡುಗಿತು. ಯಾರಿಗೂ ಏಟಾಗಲಿಲ್ಲ, ಕುಡಿಯುವ ನೀರಿನ ಹಂಡೆ ಮಾತ್ರ ತಟ್ಟೆಯಾಗಿತ್ತು. ಇಳಿದು ನೋಡಿದರೆ ಚಪ್ಪಡಿ ಕಲ್ಲು ಒಡೆದು ಮೊಣಕಾಲುದ್ದದ ಗುಂಡಿ. ಒಳಗೆ ಪುಸ್ತಕ ಒಂದು ಹಾಳೆಯೂ ಮಡಚದೆ ಮಲಗಿತ್ತು. ಎಂಟು ಜನ ಹಗ್ಗ ಹಾಕಿ ಎಳೆದರು. ಹಗ್ಗ ಹರಿಯಿತು.

ನಾಲ್ಕೂವರೆ ಆಗಿತ್ತು. ಇಂದ್ರಾಣಿ ಅಳಲಿಲ್ಲ. ಹಳೇ ಪುಸ್ತಕ ಹಿಡಿದುಕೊಂಡು ಮೂರನೇ ಮಹಡಿಗೆ ಓಡಿದಳು. ನಾನು ಏದುಸಿರು ಬಿಡುತ್ತ ಹಿಂದೆ ಹೋದೆ. ಅನಂತಶಯನ ಮೇಷ್ಟ್ರು ಸಹಿ ಮಾಡುತ್ತ ಕೂತಿದ್ದರು. ರಸಾಯನಶಾಸ್ತ್ರ ಕಲಿಸುವವರು, ಕಾಲೇಜಿನ ಪುಸ್ತಕ ಸಮಿತಿಗೆ ಯಜಮಾನರೂ ಅವರೇ. ಪುಸ್ತಕ ಅಚ್ಚು ಹಾಕಿಸುವುದು, ಬೆಲೆ ಕಟ್ಟುವುದು ಆ ಸಮಿತಿ. ಒಳ್ಳೆಯ ಮನುಷ್ಯ, ಇರುವೆಯನ್ನೂ ದಾಟಿಕೊಂಡು ನಡೆಯುವವರು. ಹುಡುಗಿ ಇಟ್ಟ ಪುಸ್ತಕಕ್ಕೆ ಕಿವಿ ಹತ್ತಿರ ತಂದು ಕೇಳಿದರು.

"ಮೇಜು ಮುಲುಗಲಿಲ್ಲವಲ್ಲ ಮಗು."

"ಒಳಗಿರೋದೆಲ್ಲ ಅದೇ ಸಾರ್. ಬೇಕಾದರೆ ಬಾಯಲ್ಲಿ ಹೇಳ್ತೀನಿ."

"ಹೇಳ್ತೀಯ, ನನಗೆ ಗೊತ್ತು. ಆದರೆ ನಿಯಮ ನಾನು ಮಾಡಿದ್ದಲ್ಲ. ಐದರೊಳಗೆ ಹೊಸ ಪುಸ್ತಕ ಬಂದರೆ ಸಹಿ. ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣಮ್ಮ."

"ಮುಂದಿನ ವರ್ಷ ಮಾರೋದಕ್ಕೆ ಅವರಮ್ಮನ ಹತ್ತಿರ ಏನೂ ಇಲ್ಲ ಮೇಷ್ಟ್ರೇ," ಅಂದೆ ನಾನು. "ಪುಸ್ತಕ ಮೇಲಕ್ಕೆ ಬರೋ ಸ್ಥಿತೀಲಿಲ್ಲ. ನೀವೇ ಒಂದು ಗಳಿಗೆ ಕೆಳಗೆ ಬನ್ನಿ."

ಬಂದರು. ಗೋಡೆ ಹಿಡಿದುಕೊಂಡು, ಮುರಿದ ಹಲಗೆಗಳನ್ನು ನೋಡುತ್ತ, "ಅಯ್ಯಯ್ಯೋ" ಅನ್ನುತ್ತ ಬಂದರು. ಜಗಲಿಯ ತುಂಬ ಜನ ಸೇರಿತ್ತು. ಇನ್ನೂ ಒಪ್ಪಿಸದ ಮಕ್ಕಳು, ಅವರ ರಸಾಯನದ ಪುಸ್ತಕಗಳನ್ನು ಹೊತ್ತು ನಿಂತ ನಮ್ಮ ಹೆಂಗಸರು, ಅಂಗಡಿ ಬಿಟ್ಟು ಓಡಿಬಂದ ಶ್ರೀಕಂಠಯ್ಯ. ನಾನು ಗುಂಡಿಯ ಪಕ್ಕ ಮಂಡಿಯೂರಿ ಪುಸ್ತಕದ ಅಂಚಿನ ಕೆಳಗೆ ಅಂಗೈ ತೂರಿಸಿದೆ.

"ಮೇಷ್ಟ್ರೇ, ಬೆಲೆ ಬಿಡಿಸಿ ಹೇಳಿ."

ಶ್ರೀಕಂಠಯ್ಯ ಎರಡೂ ಕಿವಿ ಮುಚ್ಚಿಕೊಂಡರು. "ಏ ತಾಯಮ್ಮ! ಪುಸ್ತಕಕ್ಕೆ ಕೈ ಒಡ್ಡಬಾರದು ಕಣಮ್ಮ, ಪಾಪ ಬರುತ್ತೆ!"

"ಬದನೆಕಾಯಿಗೆ ಒಡ್ಡೋ ಕೈಯೇ ಸ್ವಾಮಿ. ಎರಡನ್ನೂ ದುಡ್ಡು ಕೊಟ್ಟೇ ತರೋದು. ಪಾಪ ಬಂದರೆ ನನಗೇ ಬರಲಿ. ಹೇಳಿ ಮೇಷ್ಟ್ರೇ."

ಅನಂತಶಯನ ಮೇಷ್ಟ್ರು ಸುಳ್ಳು ಹೇಳುವವರಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ. "ಕಾಗದ, ಅಚ್ಚು, ರಟ್ಟು ಸೇರಿ ನೂರ ಅರವತ್ತೈದು," ಅಂದರು. ಬಾಣಲೆಯ ತಳದಿಂದ ಪೂರಿ ಎದ್ದ ಹಾಗೆ ಪುಸ್ತಕ ಎದ್ದಿತು. ನನ್ನ ಅಂಗೈ ಮೇಲೆ ಅದನ್ನು ಕೂರಿಸಿಕೊಂಡು ಎದ್ದು ನಿಂತೆ. ಯಾರೋ ಹುಡುಗ ಕೂಗಿಕೊಂಡ.

"ಮುಂದೆ ಹೇಳಿ."

"ಬರೆದವರು ತೀರಿಕೊಂಡಿದ್ದಾರೆ. ಅವರ ಮನೆಯವರಿಗೆ ಮೂವತ್ತೈದು." ಕೈ ಕದಲಲಿಲ್ಲ. "ಅಂಗಡಿಗೆ ಅರವತ್ತು." ಕದಲಲಿಲ್ಲ. ಶ್ರೀಕಂಠಯ್ಯ ಕಿವಿಯಿಂದ ಕೈ ತೆಗೆದು ಹಣೆ ಒರೆಸಿಕೊಂಡರು.

"ಹೊಸ ಮುದ್ರಣದ ಪರಿಷ್ಕರಣೆಗೆ ಐನೂರ ಇಪ್ಪತ್ತು."

ನನ್ನ ಕೈ ರಪ್ಪನೆ ಮಂಡಿಗೆ ಬಡಿಯಿತು. ಹಲ್ಲು ಕಚ್ಚಿ ಹಿಡಿದುಕೊಂಡೆ. "ಹೊಸದು ಏನಿದೆ ಮೇಷ್ಟ್ರೇ?"

"ಪ್ರಶ್ನೆಗಳ ಕ್ರಮ ಬದಲಾಯಿಸಿದ್ದು. ನಾನೇ ಬದಲಾಯಿಸಿದ್ದು."

"ಎಷ್ಟು ದಿನದ ಕೆಲಸ?"

"ಒಂದು ಮಧ್ಯಾಹ್ನ," ಅಂದರು. "ಅದಕ್ಕೆ ನನಗೊಂದು ಶಾಲು ಹೊದಿಸಿದರು. ಒಂದು ತೆಂಗಿನಕಾಯಿ."

"ಆ ಶಾಲು ಹೊರೋಕೂ ಇಬ್ಬರು ಬೇಕಾಗಿತ್ತೇನೋ!" ಅಂತ ಹಿಂದಿನಿಂದ ಒಬ್ಬ ಅಂದ. ಮೇಷ್ಟ್ರು ತಮ್ಮ ಭುಜ ಮುಟ್ಟಿ ನೋಡಿಕೊಂಡರು. ಪ್ರತಿ ಮೂರು ವರ್ಷಕ್ಕೊಮ್ಮೆ ಮಾಡಿದ್ದರಂತೆ, ಮಕ್ಕಳಿಗೆ ಹೊಸದಿರಲಿ ಅಂತ. ಉಳಿದ ದುಡ್ಡು ಸಮಿತಿಯ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಯನ್ನು ಯಾರೂ ಎತ್ತಿ ನೋಡಿರಲಿಲ್ಲ. "ತೆಗೆದೆ," ಅಂದರು ಸಣ್ಣ ದನಿಯಲ್ಲಿ. ಕೈ ಮೇಲೆ ಬಂತು. "ಬಿಡುಗಡೆ ಸಮಾರಂಭ, ವಾಲಗ, ಊಟಕ್ಕೆ ಮುನ್ನೂರ ಮೂವತ್ತು." ಕೈ ಇಳಿಯಿತು. "ಅದನ್ನೂ ತೆಗೆದೆ." ಬಂತು.

ಆಮೇಲೆ ಅವರು ನಿಲ್ಲಿಸಿ ನನ್ನ ಮುಖ ನೋಡಿದರು. "ಇನ್ನೊಂದು ಬಾಬ್ತು ಉಳಿದಿದೆ ಚಿಕ್ಕತಾಯಮ್ಮ. ಹೇಳಲೇ?"

"ಹೇಳಿ, ಅದಕ್ಕೇನು."

"ಹೊರುವ ಕೂಲಿ. ಏಳುನೂರ ನಲವತ್ತು."

ನಾನು ಮುಗ್ಗರಿಸಿ ಬಿದ್ದೆ. ಪುಸ್ತಕ ನನ್ನ ಕೈಯನ್ನು ನೆಲಕ್ಕೆ ಹಾಕಿ ಒತ್ತಿತು. ಇಂದ್ರಾಣಿ, ಹೊನ್ನಮ್ಮ ಸೇರಿ ಬೆರಳು ಬಿಡಿಸಬೇಕಾಯಿತು. ಹೇಳಿದ ಬಾಬ್ತುಗಳಲ್ಲೆಲ್ಲ ಅದೇ ಹೆಚ್ಚು ಭಾರ.

ನಮ್ಮ ಮುದ್ರಣಾಲಯ ಹೊಳೆಯ ಆಚೆ ಇದೆ. ಅಲ್ಲಿಂದ ಅಂಗಡಿಗೆ ಪುಸ್ತಕ ತರುವವರೂ ನಾವೇ. ಒಂದು ಪುಸ್ತಕಕ್ಕೆ ಇಬ್ಬರಿಗೆ ಒಂದು ದಿನ ಹಿಡಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆರು ಸಲ ನಾನು ಎಲ್ಲರನ್ನೂ ಕಟ್ಟಿಕೊಂಡು ಇದೇ ಮೇಷ್ಟ್ರ ಮುಂದೆ ನಿಂತಿದ್ದೆ. ಭಾರ ಜಾಸ್ತಿಯಾಗಿದೆ, ಕೂಲಿ ಜಾಸ್ತಿ ಮಾಡಿ ಅಂತ. ಸುಳ್ಳಲ್ಲ, ಜಾಸ್ತಿಯಾಗಿತ್ತು. ಅವರು ಪ್ರತಿ ಸಲವೂ ಒಪ್ಪಿ ಬೆಲೆಗೆ ಸೇರಿಸಿದರು. ಸೇರಿಸಿದ್ದರಿಂದ ಮುಂದಿನ ವರ್ಷ ಇನ್ನೂ ಭಾರವಾಯಿತು. ನಾವು ಮತ್ತೆ ಹೋದೆವು. ಯಾರೂ ಕದಿಯಲಿಲ್ಲ. ನನ್ನ ಬೆವರನ್ನು ನಾನೇ ಹೊರುತ್ತಿದ್ದೆ, ಅದರ ದುಡ್ಡನ್ನು ಮಕ್ಕಳ ಹತ್ತಿರ ತೆಗೆದುಕೊಳ್ಳುತ್ತಿದ್ದೆ.

ಹೊನ್ನಮ್ಮ ನನ್ನ ರಟ್ಟೆ ಹಿಡಿದು ಕಿವಿಯಲ್ಲಿ ಅಂದಳು. "ಅದೊಂದು ಇರಲಿ ಬಿಡೇ ತಾಯಿ. ಸಾವಿರದ ಪುಸ್ತಕ ಆಗುತ್ತೆ, ಒಬ್ಬೊಬ್ಬರೇ ಹೊರಬಹುದು. ಈ ಹುಡುಗೀಗೆ ನಾವೇ ಈಗಲೇ ಹೊತ್ತು ಕೊಡೋಣ. ಸಹಿ ಆಗುತ್ತೆ. ಹದಿನಾಲ್ಕು ಮನೆ ಒಲೆ ಉರಿಯುತ್ತೆ. ಅಷ್ಟು ಸಾಲದಾ?"

ಅವಳು ಹೇಳಿದ್ದರಲ್ಲಿ ತಪ್ಪು ಏನೂ ಇರಲಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ, ನನಗೂ ಎರಡೂ ಇತ್ತು. ಸುತ್ತ ನಮ್ಮ ಹೆಂಗಸರು ಹೊರೆ ಹೊತ್ತುಕೊಂಡೇ ನನ್ನನ್ನು ನೋಡುತ್ತಿದ್ದರು. ಆದರೆ ನನ್ನ ಕಣ್ಣ ಮುಂದೆ ಬೇರೆಯೇ ಬಂತು. ಪ್ರತಿ ವರ್ಷ ಕಾಲೇಜು ಶುರುವಾದಾಗ ಯಾರಾದರೂ ಬಡವರ ಮಕ್ಕಳು ಬಂದು, ಅಂಗಡಿಯಲ್ಲಿ ಪುಸ್ತಕ ಎತ್ತಲು ನೋಡಿ, ಆಗದೆ, ಗೇಟಿನ ಹತ್ತಿರ ನಿಲ್ಲುತ್ತಿದ್ದರು. ನಾನು ಅವರಿಗೆ ಮಜ್ಜಿಗೆ ಕೊಡುತ್ತಿದ್ದೆ. ತಲೆ ಸವರುತ್ತಿದ್ದೆ. "ವಿದ್ಯೆ ನಿನ್ನ ಹಣೇಲಿ ಬರೆದಿಲ್ಲ ಕಣೋ ಮಗ, ಮನೆಗೆ ಹೋಗು" ಅನ್ನುತ್ತಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಿದ್ದೆ. ಎಷ್ಟು ಮಂದಿಗೆ ಅಂದೆನೋ ಲೆಕ್ಕ ಇಟ್ಟಿಲ್ಲ.

"ತೆಗೆಯಿರಿ ಮೇಷ್ಟ್ರೇ," ಅಂದೆ.

"ಪೂರ್ತಿಯೇ?"

"ಹಗುರ ಪುಸ್ತಕ ಹೊಳೆ ದಾಟಿಸೋಕೆ ಹತ್ತು ರೂಪಾಯಿ ಸಾಕು. ಹತ್ತು ಇಡಿ."

ಹೊನ್ನಮ್ಮ ನನ್ನ ರಟ್ಟೆ ಬಿಟ್ಟಳು.

"ಇನ್ನೂರ ಎಪ್ಪತ್ತು," ಅಂದರು ಮೇಷ್ಟ್ರು. ಪುಸ್ತಕ ಏಳಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಏಳಲಿಲ್ಲ. ಯಾಕೆ ಅಂತ ಸಂತೆಯಲ್ಲಿ ಬೆಳೆದವಳಿಗೆ ಗೊತ್ತಾಗುವುದು ಕಷ್ಟವಲ್ಲ. "ನಾಳೆ ಮಾರೋದಕ್ಕೆ ಹೇಳ್ತಿದ್ದೀರಿ ನೀವು. ಇದು ಆಗಲೇ ಮಾರಿದ್ದು. ಜಾಸ್ತಿ ತಗೊಂಡದ್ದನ್ನ ಕೊಂಡವರಿಗೆ ವಾಪಸ್ ಕೊಡ್ತೀರಾ?" ಅಂದೆ.

ಅವರು ಮಕ್ಕಳನ್ನೆಲ್ಲ ಒಂದು ಸುತ್ತು ನೋಡಿದರು. "ಕೊಡ್ತೀವಿ. ಈ ವರ್ಷ ಕೊಂಡ ಎಲ್ಲರಿಗೂ."

ಆಗ ಆದದ್ದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಜಗಲಿಯಲ್ಲಿ ಹೊರೆ ಹೊತ್ತು ನಿಂತಿದ್ದ ಹೆಂಗಸರೆಲ್ಲ ಒಮ್ಮೆಲೇ ಮುಂದಕ್ಕೆ ತೂರಾಡಿದರು. ಭಾರಕ್ಕೆ ಎದುರಾಗಿ ಬಿಗಿಹಿಡಿದಿದ್ದ ಮೈ, ಭಾರವೇ ಇಲ್ಲವಾದರೆ ಏನು ಮಾಡೀತು? ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬಳು ತಲೆಯ ಮೇಲೆ ಪುಸ್ತಕ ಇದೆಯೋ ಇಲ್ಲವೋ ಅಂತ ತಡವಿ ನೋಡಿಕೊಂಡು ಹೋ ಅಂತ ಅತ್ತಳು. ಎದುರಿನ ಅಂಗಡಿಯಲ್ಲಿ ಬಾಗಿ ನಿಂತಿದ್ದ ಹಲಗೆಗಳು ಟಣ್ ಟಣ್ ಅಂತ ನೆಟ್ಟಗಾದದ್ದು ರಸ್ತೆಯ ಈ ಕಡೆಗೆ ಕೇಳಿಸಿತು. ಇಂದ್ರಾಣಿ ಬಗ್ಗಿ, ಎಡಗೈಯಲ್ಲಿ, ನೆಲದ ಮೇಲಿನ ಪುಸ್ತಕವನ್ನು ಎತ್ತಿಕೊಂಡಳು. ಎತ್ತಿಕೊಂಡು ಅದನ್ನೇ ನೋಡುತ್ತ ನಿಂತಳು.

"ಐದಾಗ್ತಾ ಬಂತು, ಓಡೇ!" ಅಂದೆ.

ಮೇಷ್ಟ್ರಿಗಿಂತ ಮುಂಚೆ ಅವಳೇ ಮೇಲೆ ತಲುಪಿದ್ದಳು. ಮೇಜಿನ ಮೇಲೆ ಇಟ್ಟಳು. ಮೇಜು ಮುಲುಗಲಿಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ಕಿವಿ ಹತ್ತಿರ ತಂದು ಸ್ವಲ್ಪ ಹೊತ್ತು ಕಾದರು. ಆಮೇಲೆ ಪುಸ್ತಕ ತೆರೆದು, "ಮೂರನೇ ಪಾಠ ಹೇಳು ನೋಡೋಣ," ಅಂದರು. ಅವಳು ಹೇಳಿದಳು. ಅವರು ಸಹಿ ಹಾಕಿದರು.

ಈಗ ನಮ್ಮೂರಿನ ಪ್ರತಿ ಕಾಲೇಜು ಪುಸ್ತಕದ ಮೊದಲ ಹಾಳೆಯಲ್ಲಿ ಬೆಲೆಯನ್ನು ಬಿಡಿಸಿ ಅಚ್ಚು ಹಾಕಿರುತ್ತಾರೆ, ಯಾರಿಗೆ ಎಷ್ಟು ಅಂತ. ಮಕ್ಕಳು ಅಂಗೈ ಮೇಲೆ ಇಟ್ಟುಕೊಂಡು ಓದಿ ಆಮೇಲೆ ದುಡ್ಡು ಕೊಡುತ್ತಾರೆ. ರದ್ದಿ ಅಂಗಡಿಯವನು ಬೋಂಡಾದವರಿಗೆ ಪುಸ್ತಕ ಕೊಡುವುದಿಲ್ಲ. ಹಿಂದೆ ರಸಾಯನಶಾಸ್ತ್ರಕ್ಕೆ ನಲವತ್ತು ಮಂದಿ ಸೇರುತ್ತಿದ್ದರು, ಮರುವರ್ಷ ನೂರ ಹದಿನಾರು ಮಂದಿ ಸೇರಿದರು. ಇಂದ್ರಾಣಿ ಪಾಸಾದಳು. ಅವಳಮ್ಮನಿಗೆ ಸಾವಿರದ ಐನೂರ ಎಂಬತ್ತು ರೂಪಾಯಿ ವಾಪಸ್ ಬಂತು. ಅಷ್ಟಕ್ಕೆ ಗಾಡಿ ಸಿಗಲಿಲ್ಲ, ಈಗ ಬುಟ್ಟಿಯಲ್ಲಿ ಪುರಿ ಮಾರುತ್ತಾಳೆ. ಹದಿನಾಲ್ಕು ಜನರಲ್ಲಿ ಮೂವರಿಗೆ ಹೊಳೆ ದಾಟಿಸುವ ಕೆಲಸ ಉಳಿಯಿತು. ಹನ್ನೊಂದು ಜನರಿಗೆ ಹೋಯಿತು. ಅದರಲ್ಲಿ ನಾನೊಬ್ಬಳು, ಹೊನ್ನಮ್ಮ ಒಬ್ಬಳು. ನಾನು ಈಗ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊರುತ್ತೇನೆ, ಅಲ್ಲಿ ಯಾರೂ ದಾರಿ ಬಿಡುವುದಿಲ್ಲ. ಹೊನ್ನಮ್ಮನೂ ಅದೇ ಗೂಡಿಗೆ ಬರುತ್ತಾಳೆ. ಬೇರೆ ಜೋಡಿ ಮಾಡಿಕೊಂಡಿದ್ದಾಳೆ. ನಾಲ್ಕು ವರ್ಷವಾಯಿತು, ನನ್ನ ಜೊತೆ ಮಾತಾಡಿಲ್ಲ.